ರೈತರ ಭೂಮಿಯ ಮೇಲೆ ಬೈಸಿಕಲ್ ಯಾತ್ರೆ
ಐರ್ಲೆಂಡಿನ ಮೇಯೋ ಕರಾವಳಿಯ ಒಂದು ಏರ್ಪಾಟು

ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ನೀರಾವರಿ, ದನಗಳ ರೋಗ ಮುಂತಾದ ವಿಚಾರಗಳನ್ನೇ ಓದಿ ರೂಢಿಯುಳ್ಳ ವಾಚಕರಿಗೆ ಬೈಸಿಕಲ್ ಸವಾರಿಯ ಮೇಲೊಂದು ಲೇಖನವು ವಿಚಿತ್ರವಾಗಿ ತೋರಬಹುದು. ಆದರೆ ಇಲ್ಲಿ ಹೇಳತಕ್ಕ ಸವಾರಿಯು ನಡೆಯುವುದು ರೈತನ ಹುಲ್ಲುಗಾವಲಿನ ಮೇಲೆ. ಪರಸ್ಥಳದವರು ವಿನೋದಾರ್ಥವಾಗಿ ತನ್ನ ಜಮೀನಿನೊಳಗೆ ಹಾದುಹೋಗುವುದಕ್ಕೆ ಭೂಮಾಲಿಕನು ಒಪ್ಪಬಹುದೇ, ಒಪ್ಪುವುದಾದರೆ ಯಾವ ಕರಾರಿನ ಮೇಲೆ, ಒಪ್ಪಿದವನಿಗೆ ಲಾಭವೆಷ್ಟು, ಅಪಾಯವೆಷ್ಟು ಎಂಬ ಪ್ರಶ್ನೆಗಳು ನಮ್ಮ ಕರಾವಳಿಯ ಗ್ರಾಮಗಳ ಯಜಮಾನರ ಮುಂದೆಯೂ ಬರತಕ್ಕವೇ ಆಗಿವೆ. ಇವುಗಳಿಗೆ ಒಂದು ದೇಶದ ರೈತರು ಕೊಟ್ಟ ಉತ್ತರವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಐರ್ಲೆಂಡ್ ದ್ವೀಪದ ಪಶ್ಚಿಮದ ಅಂಚಿನಲ್ಲಿ ಮೇಯೋ ಎಂಬ ಜಿಲ್ಲೆಯುಂಟು. ಅಟ್ಲಾಂಟಿಕ್ ಮಹಾಸಾಗರದ ಅಲೆಗಳು ಅಡ್ಡಿಯಿಲ್ಲದೆ ಬಂದು ಬಡಿಯುವ ಈ ತೀರವು ಕೊಲ್ಲಿಗಳಿಂದಲೂ ಕಡಿದಾದ ಬಂಡೆಗಳಿಂದಲೂ ಹರಕು ಹರಕಾಗಿದೆ. ನೈಋತ್ಯದ ಗಾಳಿಯು ವರ್ಷದ ಬಹುಭಾಗ ಬೀಸುತ್ತಿರುವುದು. ಮಳೆಯು ನಮ್ಮಲ್ಲಿರುವಂತೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯದೆ ಹನ್ನೆರಡು ತಿಂಗಳೂ ಸಣ್ಣಗೆ ಹಿಡಿದಿರುತ್ತದೆ. ನೆಲವು ಬಹುಮಟ್ಟಿಗೆ ಪೀಟ್ ಎಂಬ ಕಪ್ಪು ಜೌಗು ಮಣ್ಣು. ಕೊಳೆತ ಸಸ್ಯಗಳು ಸಾವಿರಾರು ವರ್ಷಗಳಿಂದ ಒಂದರ ಮೇಲೊಂದು ಸೇರಿ ಆದುದು. ಅದನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿ ಸೌದೆಗೆ ಬದಲಾಗಿ ಉರಿಸುವ ಪದ್ಧತಿಯುಂಟೇ ಹೊರತು ಅದರಲ್ಲಿ ಧಾನ್ಯವು ಚೆನ್ನಾಗಿ ಬರುವುದಿಲ್ಲ. ಆದುದರಿಂದ ಅಲ್ಲಿನ ರೈತನ ಬದುಕು ಕಪ್ಪು ಮುಖದ ಗುಡ್ಡದ ಕುರಿಗಳ ಮೇಲೂ ಕೆಲವು ದನಗಳ ಮೇಲೂ ನಿಂತಿದೆ.

ಇಂಥ ಬಡ ನೆಲಕ್ಕೆ ಈಗ ಪ್ರತಿ ಬೇಸಿಗೆಯಲ್ಲಿಯೂ ದೂರ ದೇಶಗಳಿಂದ ಜನರು ಬೈಸಿಕಲ್ ಸವಾರಿಗೆಂದು ಹಣ ಕೊಟ್ಟು ಬರುತ್ತಾರೆ. ಏರ್ಪಾಟು ಹೀಗಿದೆ. ಹತ್ತು ಹನ್ನೆರಡು ಮಂದಿಯ ಒಂದು ತಂಡ. ಅವರೊಡನೆ ಊರನ್ನು ಬಲ್ಲ ಒಬ್ಬ ಮಾರ್ಗದರ್ಶಿ. ಗಂಟುಮೂಟೆಗಳನ್ನು ಹೊತ್ತು ಮುಂದಿನ ವಸತಿಗೆ ಹೋಗತಕ್ಕ ಒಂದು ಮೋಟಾರು ವಾಹನ. ಪ್ರಯಾಣಿಕರು ರಾಜಧಾನಿಯಾದ ಡಬ್ಲಿನ್ ನಗರದಿಂದ ರೈಲಿನಲ್ಲಿ ವೆಸ್ಟ್‌ಪೋರ್ಟ್ ಎಂಬ ಪಟ್ಟಣಕ್ಕೆ ಬಂದಿಳಿಯುವರು. ಅಲ್ಲಿ ಪ್ರತಿಯೊಬ್ಬನ ಎತ್ತರಕ್ಕೆ ತಕ್ಕಂತೆ ಗಾಡಿಯ ಆಸನವನ್ನು ಸರಿಮಾಡಿ, ಬ್ರೇಕುಗಳನ್ನು ನೋಡಿ, ಮಳೆಯಂಗಿ ಉಂಟೇ ಎಂದು ವಿಚಾರಿಸಿ ಹೊರಡಿಸುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಸಾಮಾನ್ಯವಾಗಿ ಹೋಗುವುದಿಲ್ಲ. ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಯವರೆಗೂ ಬೆಳಕಿರುವುದರಿಂದ ಅವಸರಕ್ಕೆ ಕಾರಣವೂ ಇಲ್ಲ.

ವೆಸ್ಟ್‌ಪೋರ್ಟಿನಿಂದ ಉತ್ತರಕ್ಕೆ ನ್ಯೂಪೋರ್ಟ್, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಮಲ್‌ರಾನಿ, ಅಲ್ಲಿಂದ ಅಕಿಲ್ ದ್ವೀಪದ ಬಾಯಲ್ಲಿರುವ ಸೇತುವೆಯ ಊರು, ಹೀಗೆ ಒಟ್ಟು 42 ಕಿಲೋಮೀಟರು ಉದ್ದದ ಹಾದಿಯಿದೆ. ಇದಕ್ಕೆ ‘ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ’ ಎಂದು ಹೆಸರು. ಇದರ ಮೇಲೆ ಮೋಟಾರುಗಳಿಗೆ ಪ್ರವೇಶವಿಲ್ಲ. ಏರಿಳಿತ ಬಹು ಕಡಿಮೆಯಾದುದರಿಂದ ಮಕ್ಕಳೂ ವಯಸ್ಸಾದವರೂ ಆಯಾಸವಿಲ್ಲದೆ ಹೋಗಬಲ್ಲರು. ಎಡಗಡೆಗೆ ಕ್ಲೂ ಎಂಬ ಕೊಲ್ಲಿ. ಅದರ ತುಂಬ ಸಣ್ಣ ಸಣ್ಣ ಹಸಿರು ದಿಬ್ಬಗಳಂಥ ದ್ವೀಪಗಳು. ಹಿಮಗಡ್ಡೆಯ ಕಾಲದಲ್ಲಿ ಕೂಡಿದ ಮಣ್ಣಿನ ಗುಡ್ಡಗಳು ಆಮೇಲೆ ಅರ್ಧ ಮುಳುಗಿ ಹೀಗಾದುವು. ವರ್ಷದ ದಿನಗಳೆಷ್ಟೋ ದ್ವೀಪಗಳಷ್ಟು ಎಂದು ಊರಿನವರು ಹೇಳುವುದುಂಟು. ಎಣಿಸಿ ನೋಡುವ ಶ್ರಮವನ್ನು ಬಹಳ ಜನ ತೆಗೆದುಕೊಂಡಂತಿಲ್ಲ. ಕೊಲ್ಲಿಯ ಆಚೆ 764 ಮೀಟರು ಎತ್ತರದ ಕ್ರೋ ಪ್ಯಾಟ್ರಿಕ್ ಎಂಬ ಶಿಖರವು ಕಾಣುವುದು. ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಯಾತ್ರಿಕರು ಅದನ್ನು ಹತ್ತುವರು, ಕೆಲವರು ಬರಿಗಾಲಿನಲ್ಲಿ.

ನ್ಯೂಪೋರ್ಟನ್ನು ದಾಟಿದ ಮೇಲೆ ಹಾದಿಯು ಬೇಲಿಗಳ ನಡುವೆ ಸಾಗುತ್ತದೆ. ಎರಡು ಕಡೆಯೂ ಕುರಿಗಳು. ಮಧ್ಯೆ ಮಧ್ಯೆ ದನಗಳು ಅಡ್ಡ ದಾಟುವ ಗೇಟುಗಳು. ಅಂಥ ಒಂದು ಗೇಟಿನ ಬಳಿ ಮಾರ್ಗದರ್ಶಿಯು ತಂಡವನ್ನು ನಿಲ್ಲಿಸಿ, ಇದು ಸರ್ಕಾರದ ರಸ್ತೆಯಲ್ಲವೆಂದೂ, ಒಬ್ಬ ರೈತನ ಸ್ವಂತ ಭೂಮಿಯೆಂದೂ, ಅವನ ಅನುಮತಿಯಿರುವತನಕ ಮಾತ್ರ ನಾವು ಇಲ್ಲಿ ಹೋಗಬಹುದೆಂದೂ ತಿಳಿಸುತ್ತಾನೆ. ಪ್ರಯಾಣಿಕರಲ್ಲಿ ಅನೇಕರಿಗೆ ಇದು ಆಶ್ಚರ್ಯದ ಸಂಗತಿ. ನಮ್ಮ ವಾಚಕರಿಗಾದರೋ ಈ ಲೇಖನದ ತಿರುಳೇ ಇದು. ಇಂಥ ಅನುಮತಿಯು ದೊರೆತುದು ಏಕೆ ದೊಡ್ಡ ವಿಷಯವೆಂಬುದನ್ನು ತಿಳಿಯಬೇಕಾದರೆ ಆ ನೆಲದ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೇಯೋ ಜಿಲ್ಲೆಯ ರೈತರು ಬಹುತೇಕ ಗೇಣಿದಾರರು. ಭೂಮಿಯು ದೊಡ್ಡ ಜಮೀನ್ದಾರರದು. ಒಂದು ಗ್ರಾಮದ ಹೊಲಗಳನ್ನು ಚೂರು ಚೂರಾಗಿ ಮಾಡಿ, ಒಳ್ಳೆಯ ನೆಲ ಕೆಟ್ಟ ನೆಲ ಎಲ್ಲರಿಗೂ ಬರುವಂತೆ ಆಗಾಗ್ಗೆ ಮರುಹಂಚಿಕೆ ಮಾಡಿಕೊಳ್ಳುತ್ತಿದ್ದರು. ಜನರ ಆಹಾರವು ಆಲೂಗೆಡ್ಡೆಯೊಂದೇ. ತೀರದಿಂದ ಕಡಲಪಾಚಿಯನ್ನು ಹೊತ್ತು ತಂದು ಗೊಬ್ಬರವಾಗಿ ಹಾಸಿ, ಮಣ್ಣನ್ನು ಏರಿ ಕಟ್ಟಿ, ಗುಡ್ಡದ ಮೇಲ್ಭಾಗದವರೆಗೂ ನೆಡುತ್ತಿದ್ದರು. 1845ರಲ್ಲಿ ಅಂಗಮಾರಿ ರೋಗವು ಬಿದ್ದಿತು. ಹಾಸನದ ಕಡೆಯ ಆಲೂಗೆಡ್ಡೆ ಬೆಳೆಗಾರರು ಮೋಡ ಕವಿದ ದಿನಗಳಲ್ಲಿ ಯಾವ ರೋಗಕ್ಕೆ ಅಂಜುತ್ತಾರೋ ಅದೇ ರೋಗವಿದು. ನಂತರದ ಕೆಲವೇ ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅದಕ್ಕೆ ಕಡಿಮೆಯಿಲ್ಲದಷ್ಟು ಜನರು ದೇಶವನ್ನು ಬಿಟ್ಟು ಹೋದರು. ಅಂದು ಕಟ್ಟಿದ ಏರಿಗಳು ಹುಲ್ಲು ಮುಚ್ಚಿ ಇಂದಿಗೂ ಗುಡ್ಡಗಳ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತವೆ. ಸಂಜೆಯ ಓರೆ ಬಿಸಿಲಿನಲ್ಲಿ ಸವಾರರು ಅವುಗಳನ್ನು ನೋಡಿ ಏನೆಂದು ಕೇಳುವುದು ವಾಡಿಕೆ.

ಆಮೇಲೆ ಗೇಣಿದಾರರ ಹೋರಾಟವು ಬಂದಿತು. 1879ರಲ್ಲಿ ಭೂಸಂಘವು ಈ ಮೇಯೋ ಜಿಲ್ಲೆಯಲ್ಲಿಯೇ ಹುಟ್ಟಿತು. ಅದರ ಮುಖಂಡನಾದ ಮೈಕೇಲ್ ಡೇವಿಟ್ ಎಂಬಾತನು ಇದೇ ಜಿಲ್ಲೆಯವನು. ಮರುವರ್ಷ, ಜಮೀನ್ದಾರನೊಬ್ಬನ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟ್ ಎಂಬವನೊಡನೆ ಊರಿನವರೆಲ್ಲರೂ ಮಾತು, ಕೆಲಸ, ವ್ಯಾಪಾರಗಳನ್ನು ನಿಲ್ಲಿಸಿದರು. ನಮ್ಮ ವೃತ್ತಪತ್ರಿಕೆಗಳಲ್ಲಿಯೂ ಬಳಕೆಯಾಗುವ ‘ಬಾಯ್ಕಾಟ್’ ಎಂಬ ಮಾತು ಅವನ ಹೆಸರೇ. ಕೊನೆಗೆ ಶಾಸನಗಳ ಮೂಲಕ ಭೂಮಿಯು ಉಳುವವನ ಕೈಗೆ ಬಂದಿತು. 1903ರ ಶಾಸನದ ಮೇರೆಗೆ ರೈತನು ಸರ್ಕಾರದಿಂದ ಸಾಲ ಪಡೆದು ಭೂಮಿಯನ್ನು ಕೊಂಡು, ಅರುವತ್ತೆಂಟೂವರೆ ವರ್ಷಗಳ ಕಂತುಗಳಲ್ಲಿ ತೀರಿಸತಕ್ಕದ್ದಾಗಿತ್ತು. ಅಜ್ಜನು ಕೊಂಡ ಭೂಮಿಗೆ ಮೊಮ್ಮಗನ ಕಾಲದವರೆಗೂ ಕಂತು ಎಂದಾಯಿತು. ಹೀಗೆ ಸಂಪಾದಿಸಿದ ನೆಲದ ಸರಹದ್ದಿನೊಳಗೆ ಅನ್ಯರು ಕಾಲಿಡುವುದನ್ನು ಅಲ್ಲಿನ ರೈತನು ಸುಲಭವಾಗಿ ಸಹಿಸುವುದಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನು? ನೆರೆಯ ಸ್ಕಾಟ್ಲೆಂಡಿನಲ್ಲಿರುವಂತೆ ಎಲ್ಲೆಂದರಲ್ಲಿ ನಡೆದಾಡುವ ಸಾರ್ವಜನಿಕ ಹಕ್ಕು ಐರ್ಲೆಂಡಿನಲ್ಲಿ ಇಲ್ಲ.

ಇನ್ನು ಹಾದಿಯ ವಿಚಾರ. ಇದು ಮೊದಲು ರೈಲು ಮಾರ್ಗವಾಗಿತ್ತು. ಪಶ್ಚಿಮ ತೀರದ ಬಡತನವನ್ನು ನೀಗುವುದಕ್ಕೆಂದು ಅಂದಿನ ಸರ್ಕಾರದವರು ಹಣ ಕೊಟ್ಟು ಹಾಕಿಸಿದ ಈ ಮಾರ್ಗವು 1894ರಲ್ಲಿ ಮಲ್‌ರಾನಿಯವರೆಗೂ 1895ರಲ್ಲಿ ಅಕಿಲ್‌ವರೆಗೂ ಸಂಚಾರಕ್ಕೆ ತೆರೆಯಿತು. ಮೀನು, ಕುರಿ, ದನಗಳನ್ನು ಪೇಟೆಗೆ ಸಾಗಿಸುವುದು ಉದ್ದೇಶ. ಆದರೆ ಅದು ಹೆಚ್ಚಾಗಿ ಸಾಗಿಸಿದ್ದು ಊರು ಬಿಟ್ಟು ಕೂಲಿಗೆ ಹೋಗುವ ಜನರನ್ನು. ಅಕಿಲ್ ದ್ವೀಪದ ಹುಡುಗರೂ ಹುಡುಗಿಯರೂ ಪ್ರತಿ ವರ್ಷ ಸ್ಕಾಟ್ಲೆಂಡಿಗೆ ಆಲೂಗೆಡ್ಡೆ ಕೀಳುವುದಕ್ಕೆ ಹೋಗುತ್ತಿದ್ದರು. 1894ರ ಜೂನ್ 14ರಂದು ಹೀಗೆ ಹೊರಟವರ ದೋಣಿಯು ವೆಸ್ಟ್‌ಪೋರ್ಟ್ ಬಂದರಿನ ಸಮೀಪ ಮಗುಚಿ 32 ಮಂದಿ ಮುಳುಗಿದರು. ಅಕಿಲ್‌ವರೆಗೆ ಮಾರ್ಗವು ಇನ್ನೂ ಪೂರ್ತಿಯಾಗಿರಲಿಲ್ಲ. ಆದರೂ ಶವಗಳನ್ನು ತರುವುದಕ್ಕಾಗಿ ರೈಲನ್ನು ಓಡಿಸಿದರು. 1937ರ ಸೆಪ್ಟೆಂಬರ್ 16ರಂದು ಸ್ಕಾಟ್ಲೆಂಡಿನ ಕರ್ಕಿನ್‌ಟಿಲಾಖ್ ಎಂಬಲ್ಲಿ ಕೂಲಿಯಾಳುಗಳು ಮಲಗಿದ್ದ ಕೊಟ್ಟಿಗೆಗೆ ಬೆಂಕಿ ಬಿದ್ದು ಅಕಿಲ್‌ನ ಹತ್ತು ಮಂದಿ ಹುಡುಗರು ಸತ್ತರು. ಅವರ ಶವಗಳೂ ಇದೇ ಮಾರ್ಗದಲ್ಲಿ ಬಂದುವು. ಆ ತಿಂಗಳು ಕಳೆಯುವುದರೊಳಗೆ ಮಾರ್ಗವು ಮುಚ್ಚಿಹೋಯಿತು. ಬೆಂಕಿಯ ಬಂಡಿಯು ಮೊದಲ ಸಲವೂ ಕೊನೆಯ ಸಲವೂ ಹೆಣಗಳನ್ನು ಹೊರುವುದೆಂದು ಹಿಂದಿನ ಕಾಲದ ಕಾಲಜ್ಞಾನಿಯೊಬ್ಬನು ನುಡಿದಿದ್ದನೆಂದು ಆ ಸೀಮೆಯಲ್ಲಿ ಕಥೆ ಹೇಳುತ್ತಾರೆ. ಕಥೆಯು ಹೇಗಾದರೂ ಇರಲಿ, ಎರಡು ದುರ್ಘಟನೆಗಳು ಮಾತ್ರ ನಿಜ. ಇಬ್ಬಗೆಯವರ ಸಮಾಧಿಗಳೂ ಅಕಿಲ್‌ನ ಕಿಲ್‌ಡಾವ್ನೆಟ್ ಎಂಬ ಸ್ಮಶಾನದಲ್ಲಿ ಇವೆ.

ಹಳಿಗಳನ್ನು ಕಿತ್ತರು. ಮಾರ್ಗದ ನೆಲವು ಪಕ್ಕದ ಜಮೀನುದಾರರಿಗೆ ಸೇರಿತು. ಕೆಲವು ಕಡೆ ಅದನ್ನು ಹುಲ್ಲುಗಾವಲಿನಲ್ಲಿ ಕೂಡಿಸಿಕೊಂಡರು. ಕೆಲವು ಕಡೆ ಮುಳ್ಳುಪೊದೆ ಬೆಳೆಯಿತು. ಎಪ್ಪತ್ತು ವರ್ಷಗಳ ಮೇಲೆ ಮೇಯೋ ಜಿಲ್ಲಾ ಕೌನ್ಸಿಲಿನವರಿಗೆ ಅದನ್ನು ಬೈಸಿಕಲ್ ಹಾದಿಯಾಗಿ ಮಾಡುವ ಯೋಚನೆಯು ಬಂದಾಗ ಅದು ಸುಮಾರು 160 ಮಂದಿ ಭೂಮಾಲಿಕರ ಕೈಯಲ್ಲಿ ಹಂಚಿಹೋಗಿತ್ತು. ಒಬ್ಬನು ಬೇಡವೆಂದರೂ ಹಾದಿಯು ತುಂಡಾಗುವುದು. ಕೌನ್ಸಿಲಿನವರು ಭೂಮಿಯನ್ನು ಕ್ರಯಕ್ಕೆ ತೆಗೆದುಕೊಳ್ಳಲಿಲ್ಲ. ಬಲಾತ್ಕಾರವಾಗಿ ಸ್ವಾಧೀನಪಡಿಸಿಕೊಳ್ಳಲೂ ಇಲ್ಲ. ಭೂಮಾಲಿಕರಿಂದ ಅನುಮತಿಯನ್ನು ಮಾತ್ರ ಬೇಡಿ ಪಡೆದರು.

ಈ ಅನುಮತಿಯ ಸ್ವರೂಪವನ್ನು ವಾಚಕರು ಗಮನವಿಟ್ಟು ನೋಡತಕ್ಕದ್ದು. ಭೂಮಿಯ ಒಡೆತನವು ರೈತನಲ್ಲಿಯೇ ಇರುವುದು. ಸಾರ್ವಜನಿಕರಿಗೆ ದೊರೆತುದು ಹಕ್ಕಲ್ಲ, ಅಪ್ಪಣೆ. ಹಾದಿಯನ್ನು ಮಾಡಿ ಕಾಪಾಡುವ ಹೊಣೆಯು ಕೌನ್ಸಿಲಿನದು. ಸವಾರನು ಬಿದ್ದು ಗಾಯಪಟ್ಟು ದಾವೆ ಹೂಡಿದರೆ ಆ ನಷ್ಟವನ್ನು ರೈತನ ತಲೆಗೆ ಕಟ್ಟದೆ ಕೌನ್ಸಿಲೇ ವಹಿಸಿಕೊಳ್ಳುವುದು. ಅಲ್ಲದೆ ಆ ದೇಶದಲ್ಲಿ 1995ರ ಶಾಸನವೊಂದರ ಮೇರೆಗೆ, ವಿನೋದಕ್ಕಾಗಿ ತನ್ನ ನೆಲಕ್ಕೆ ಬಂದವರನ್ನು ಬೇಕೆಂದು ಗಾಯಗೊಳಿಸದೆಯೂ ತೀರ ಅಲಕ್ಷ್ಯದಿಂದ ವರ್ತಿಸದೆಯೂ ಇದ್ದರೆ ಭೂಮಾಲಿಕನ ಕರ್ತವ್ಯವು ಬಹುಮಟ್ಟಿಗೆ ತೀರಿತು. ಇಷ್ಟು ಭರವಸೆಗಳು ಮುಂಚಿತವಾಗಿ ಇಲ್ಲದಿದ್ದರೆ 160 ಮಂದಿಯ ಒಪ್ಪಿಗೆಯು ದೊರೆಯುತ್ತಿತ್ತೆಂದು ನಾವು ನಂಬಲಾರೆವು. 2010ರಲ್ಲಿ ನ್ಯೂಪೋರ್ಟಿನಿಂದ ಮಲ್‌ರಾನಿಯವರೆಗಿನ 18 ಕಿಲೋಮೀಟರನ್ನು ಮೊದಲು ತೆರೆದರು. ಹಾದಿಯಿಂದ ಕೇಡಾಗಲಿಲ್ಲವೆಂಬುದನ್ನು ನೋಡಿದ ಮೇಲೆ ಮಿಕ್ಕ ಭಾಗವೂ ಕೂಡಿಬಂದು 2011ರಲ್ಲಿ ಪೂರ್ತಿಯಾಯಿತು. ಮೊದಲು ಒಂದು ತುಂಡನ್ನು ಮಾಡಿ ತೋರಿಸಿದ್ದು ಜಾಣತನದ ಕೆಲಸ. ಹೊಸ ಬೀಜವನ್ನು ಹಂಚುವಾಗ ಪ್ರಾತ್ಯಕ್ಷಿಕೆಯ ತಾಕನ್ನು ತೋರಿಸುವುದೂ ಇದಕ್ಕಾಗಿಯೇ.

ರೈತರ ಮನಸ್ಸಿನಲ್ಲಿದ್ದ ಮುಖ್ಯ ಭಯವೆಂದರೆ, ಇಂದು ದಾಕ್ಷಿಣ್ಯಕ್ಕೆ ಬಿಟ್ಟ ಹಾದಿಯು ಕಾಲಕ್ರಮದಲ್ಲಿ ಹಕ್ಕಾಗಿ ಬಲಿಯುವುದೆಂಬುದು. ನಮ್ಮ ದೇಶದಲ್ಲಿಯೂ ಈ ಭಯಕ್ಕೆ ಕಾರಣವುಂಟು. 1882ನೆಯ ಈಸ್‌ಮೆಂಟ್ಸ್ ಆಕ್ಟಿನ ಮೇರೆಗೆ, ಒಬ್ಬನ ಜಮೀನಿನ ಮೇಲೆ ಮತ್ತೊಬ್ಬನು ಹಕ್ಕಿನಿಂದೆಂಬಂತೆ ಬಹಿರಂಗವಾಗಿ, ಶಾಂತವಾಗಿ, ಎಡೆಬಿಡದೆ ಇಪ್ಪತ್ತು ವರ್ಷ ದಾರಿ ನಡೆದರೆ ಅವನಿಗೆ ಅಲ್ಲಿ ದಾರಿಯ ಹಕ್ಕು ಸ್ಥಿರವಾಗಬಹುದು. ಅಪ್ಪಣೆ ಕೇಳಿ ನಡೆದ ದಾರಿಯಲ್ಲಿ ಅಂಥ ಹಕ್ಕು ಹುಟ್ಟುವುದಿಲ್ಲ. ಆದುದರಿಂದ ಬಾಯಿಮಾತಿನ ಔದಾರ್ಯಕ್ಕಿಂತ, ‘ಇದು ಅನುಮತಿ ಮಾತ್ರ’ ಎಂದು ಬರೆದ ಕಾಗದವು ಕೊಡುವವನಿಗೆ ಹೆಚ್ಚು ಕ್ಷೇಮಕರ. ಇನ್ನೊಂದು ಸೂಕ್ಷ್ಮವೂ ಅದೇ ಆಕ್ಟಿನಲ್ಲಿದೆ. ಅನುಮತಿ ಪಡೆದವನು ಅದನ್ನು ನಂಬಿ ಹಣ ವೆಚ್ಚಮಾಡಿ ಶಾಶ್ವತವಾದ ಕಟ್ಟಡ ಅಥವಾ ಕಾಮಗಾರಿಯನ್ನು ನಡೆಸಿದ್ದರೆ, ಕೊಟ್ಟವನು ಆಮೇಲೆ ಇಷ್ಟ ಬಂದಂತೆ ಅನುಮತಿಯನ್ನು ಹಿಂದೆಗೆಯಲಾರನು. ಜಲ್ಲಿ ಹಾಕಿ ಡಾಂಬರು ಬಳಿದ ಹಾದಿಯು ಈ ವರ್ಗಕ್ಕೆ ಸೇರುವುದೆಂದು ವಾದ ಹೂಡಲು ಆಸ್ಪದವಿರುವುದರಿಂದ, ಹಿಂದೆಗೆಯುವ ಕ್ರಮ, ಅದಕ್ಕೆ ಕೊಡಬೇಕಾದ ವಾಯಿದೆ, ಆಮೇಲೆ ಕಾಮಗಾರಿಯ ಗತಿ, ಇವನ್ನು ಮೊದಲೇ ಕರಾರಿನಲ್ಲಿ ಬರೆಯಿಸಿಕೊಳ್ಳುವುದು ಮೇಲು. ಬ್ರಿಟನ್ ಐರ್ಲೆಂಡುಗಳಲ್ಲಿ ಇಂಥ ಹಾದಿಯನ್ನು ವರ್ಷಕ್ಕೊಂದು ದಿನ ಮುಚ್ಚಿ, ಇದು ಅಪ್ಪಣೆಯ ದಾರಿಯೆಂಬುದನ್ನು ಜ್ಞಾಪಕಪಡಿಸುವ ವಾಡಿಕೆಯೂ ಉಂಟು.

ಲಾಭದ ವಿಚಾರದಲ್ಲಿ ನಾವು ಉತ್ಪ್ರೇಕ್ಷೆ ಮಾಡಲಿಚ್ಛಿಸುವುದಿಲ್ಲ. ಬೈಸಿಕಲ್ಲುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು, ಊಟದ ಮನೆಗಳು, ವಸತಿಗೃಹಗಳು, ಸವಾರರನ್ನು ಹಿಂದಕ್ಕೆ ಕರೆತರುವ ವಾಹನಗಳು, ಇವೆಲ್ಲಾ ವೆಸ್ಟ್‌ಪೋರ್ಟ್, ನ್ಯೂಪೋರ್ಟ್, ಮಲ್‌ರಾನಿ, ಅಕಿಲ್ ಈ ನಾಲ್ಕು ಊರುಗಳಲ್ಲಿ ಏಳಿಗೆಗೆ ಬಂದಿವೆ. ಮಲ್‌ರಾನಿಯಲ್ಲಿ 1897ರಲ್ಲಿ ರೈಲ್ವೆ ಕಂಪೆನಿಯವರು ಕಟ್ಟಿಸಿದ ದೊಡ್ಡ ಹೊಟೆಲೊಂದುಂಟು. ಅದರವರು ಮುಂದೆ ಬಂದು, ಹಾದಿಯ ನೆರೆಹೊರೆಯಲ್ಲಿ ಚೀಸು ಮಾಡುವವರು, ಮಾಂಸದ ಅಂಗಡಿಯವರು, ಮೀನುಗಾರರು ಮುಂತಾದವರನ್ನು ಒಂದು ಸರಪಳಿಯಾಗಿ ಕೂಡಿಸಿ, ಸವಾರರು ಒಂದೊಂದು ಕಡೆಯಲ್ಲಿಯೂ ಇಳಿದು ರುಚಿ ನೋಡಿ ಕೊಳ್ಳುವಂತೆ ಏರ್ಪಡಿಸಿದರು. ಗುಡ್ಡದ ಕುರಿಮರಿಯ ಮಾಂಸವು ಹೀಗೆ ತನ್ನ ಊರಿನ ಹೆಸರಿನಿಂದ ಬೆಲೆ ಪಡೆಯಿತು. ಅದೇ ಊರಿನ ಸುತ್ತ ಗುಡ್ಡಗಳಲ್ಲಿ ಐರ್ಲೆಂಡಿನ ಪುರಾತನ ಮೇಕೆತಳಿಯೊಂದು ಕಾಡುಪಾಲಾಗಿ ಉಳಿದಿದ್ದು, ಅದನ್ನು ಸಂರಕ್ಷಿಸುವ ಕೆಲಸವೂ ನಡೆದಿದೆ.

ಆದರೆ ನಾಲ್ಕು ಊರುಗಳ ಮಧ್ಯೆ ಕುರಿ ಕಾಯುತ್ತಿರುವ ರೈತನಿಗೆ? ಅವನ ಬೇಲಿಯ ಪಕ್ಕದಲ್ಲಿ ದಿನವೂ ನೂರಾರು ಗಾಡಿಗಳು ಹಾದುಹೋದರೂ ಅವನ ಕೈಗೆ ಕಾಸು ಬೀಳುವುದಿಲ್ಲ. ಮನೆಯಲ್ಲಿ ಎರಡು ಕೊಠಡಿ ಬಿಡುವಾಗಿದ್ದು ಅತಿಥಿಗಳನ್ನು ಇಟ್ಟುಕೊಳ್ಳಬಲ್ಲವನಿಗೆ, ಮಗನೋ ಮಗಳೋ ಮಾರ್ಗದರ್ಶಿಯ ಕೆಲಸಕ್ಕೆ ಸೇರಿದವನಿಗೆ ಮಾತ್ರ ಪ್ರಯೋಜನ. ಮಿಕ್ಕವನಿಗೆ ಉಳಿಯುವುದು ತೆರೆದುಬಿಟ್ಟ ಗೇಟು, ಕುರಿಗಳನ್ನು ಅಟ್ಟುವ ಪರರ ನಾಯಿ, ಹುಲ್ಲಿನಲ್ಲಿ ಬಿಸಾಡಿದ ಕಾಗದ. ಗಬ್ಬದ ಕುರಿಯನ್ನು ನಾಯಿಯು ಓಡಿಸಿದರೆ ಮರಿ ಕಂದುಹಾಕುವ ಅಪಾಯವುಂಟೆಂದು ನಮ್ಮ ಕುರಿಗಾರರಿಗೆ ಹೇಳಿಕೊಡಬೇಕಾಗಿಲ್ಲ. ಭೂಮಿ ಕೊಡುವವರೆಲ್ಲರೂ ಮೊದಲೇ ಒಂದು ಸಹಕಾರ ಸಂಘವಾಗಿ ಸೇರಿ, ಬೈಸಿಕಲ್ ಬಾಡಿಗೆಯನ್ನೋ ವಸತಿಯನ್ನೋ ತಾವೇ ವಹಿಸಿಕೊಂಡಿದ್ದರೆ ಈ ಅಸಮತೆಯು ಇಷ್ಟು ಇರುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಮಾರ್ಗದರ್ಶಿಯ ಬೆಲೆಯು ಇಲ್ಲಿಯೇ ತಿಳಿಯುವುದು. ಒಂಟಿಯಾಗಿ ಬಂದ ಸವಾರನಿಗೆ ಗೇಟು ಯಾರದೆಂಬುದೇ ಗೊತ್ತಿರುವುದಿಲ್ಲ. ಮಾರ್ಗದರ್ಶಿಯು ತಂಡದ ಮುಂದೆ ಹೋಗಿ ಗೇಟನ್ನು ತೆರೆದು, ಕೊನೆಯವನು ದಾಟಿದ ಮೇಲೆ ಮುಚ್ಚಿದುದನ್ನು ನೋಡಿಯೇ ಹೊರಡುವನು. ಗುಡ್ಡದಿಂದ ಕುರಿಗಳನ್ನು ಇಳಿಸುವ ದಿನ ಯಾವುದು, ಯಾವ ಹೊಲದಲ್ಲಿ ಹೋರಿ ಇದೆ ಎಂಬುದನ್ನು ರೈತರಿಂದಲೇ ತಿಳಿದುಕೊಂಡಿರುವನು. ಗಾಳಿಯು ಎದುರಿನಿಂದ ಬೀಸಿದರೆ ತಾನು ಮುಂದಾಗಿ ದುರ್ಬಲರನ್ನು ಹಿಂದೆ ಮರೆಗೆ ಬಿಟ್ಟುಕೊಳ್ಳುವನು. ಇಂಥವನು ಊರಿನ ರೈತರ ಮನೆಯ ಹುಡುಗನಾಗಿದ್ದರೆ ಅರ್ಧ ತಂಟೆಗಳು ಹುಟ್ಟುವುದೇ ಇಲ್ಲ.

ಎಲ್ಲೆಡೆಯೂ ಇಷ್ಟು ಸೌಮ್ಯವಾಗಿ ನಡೆಯಿತೆಂದು ತಿಳಿಯಬಾರದು. ಅದೇ ದೇಶದ ನೈಋತ್ಯದ ಮೂಲೆಯಲ್ಲಿ ಕೆರ್ರಿ ಎಂಬ ಜಿಲ್ಲೆಯುಂಟು. ಅಲ್ಲಿಯೂ 1960ರಲ್ಲಿ ನಿಂತ ಒಂದು ಕರಾವಳಿಯ ರೈಲು ಮಾರ್ಗವನ್ನು ಬೈಸಿಕಲ್ ಹಾದಿಯಾಗಿ ಮಾಡಬೇಕೆಂದು ಜಿಲ್ಲಾ ಕೌನ್ಸಿಲಿನವರು ಹೊರಟರು. ಎಲ್ಲ ಭೂಮಾಲಿಕರ ಒಪ್ಪಿಗೆಯು ದೊರೆಯಲಿಲ್ಲ. ಕೌನ್ಸಿಲಿನವರು ಕಡ್ಡಾಯ ಸ್ವಾಧೀನಕ್ಕೆ ಕೈಹಾಕಿದರು. ವರ್ಷಗಳ ವಿಚಾರಣೆಯಾಗಿ 2020ರ ನವೆಂಬರಿನಲ್ಲಿ ಅಪ್ಪಣೆಯು ದೊರೆಯಿತು. ವ್ಯಾಜ್ಯವು ಹೈಕೋರ್ಟಿಗೆ ಹೋಗಿ 2021ರಲ್ಲಿ ಅಲ್ಲಿ ವಜಾ ಆಯಿತು. ಕಾನೂನಿನಲ್ಲಿ ಕೌನ್ಸಿಲು ಗೆದ್ದಿತು. ಆದರೆ ಮೇಯೋದಲ್ಲಿ ಎರಡು ಬೇಸಿಗೆಗಳಲ್ಲಿ ತೆರೆದ ಹಾದಿಗೂ ಇದಕ್ಕೂ ಹಿಡಿದ ಕಾಲವನ್ನು ಹೋಲಿಸಿ ನೋಡಬಹುದು. ಇದಕ್ಕೆ ಎದುರು ಮಾತೂ ಇಲ್ಲದಿಲ್ಲ. ಸ್ವಾಧೀನಪಡಿಸಿಕೊಂಡ ಭೂಮಿಗೆ ಪರಿಹಾರದ ಹಣ ಬರುವುದು, ಅನುಮತಿ ಕೊಟ್ಟವನಿಗೆ ಬರುವುದಿಲ್ಲ; ಸ್ವಾಧೀನದ ಹಾದಿಯು ಸ್ಥಿರ, ಅನುಮತಿಯ ಹಾದಿಯು ಒಬ್ಬ ಹಟಮಾರಿಯಿಂದ ನಿಂತುಹೋಗಬಹುದು. ಹೊಟೆಲು ಕಟ್ಟಿಸಲು ಸಾಲ ಮಾಡುವವನು ಯಾವುದನ್ನು ಹೆಚ್ಚು ನಂಬುವನೆಂಬುದು ಸ್ಪಷ್ಟವೇ ಆಗಿದೆ.

ಮಲ್‌ರಾನಿಯಲ್ಲಿ ರಾತ್ರಿ ತಂಗಿದ ತಂಡವು ಮರುದಿನ 13 ಕಿಲೋಮೀಟರು ಹೋಗಿ ಸೇತುವೆಯನ್ನು ದಾಟಿ ಅಕಿಲ್ ದ್ವೀಪವನ್ನು ಸೇರುತ್ತದೆ. ರೈಲಿನ ಹಾದಿಯ ಸುಖವು ಅಲ್ಲಿಗೆ ಮುಗಿಯಿತು. ಮುಂದೆ ಸಮುದ್ರದ ಮೇಲಿನ ಏರುರಸ್ತೆಗಳು. ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಎಂಬತ್ತರಿಂದ ನೂರು ಕಲ್ಲುಮನೆಗಳ ಒಂದು ಹಾಳೂರು ಸಾಲಾಗಿ ನಿಂತಿದೆ. ಜನರು ಬಿಟ್ಟುಹೋದ ಮೇಲೆಯೂ, 1940ರ ಸುಮಾರಿನವರೆಗೆ, ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲಿಗೆ ಹೊಡೆದುಕೊಂಡು ಬಂದವರು ಆ ಮನೆಗಳಲ್ಲಿ ತಂಗುತ್ತಿದ್ದರು. ಪಶ್ಚಿಮದ ತುದಿಯಲ್ಲಿ ಕೀಮ್ ಎಂಬ ಬಿಳಿ ಮರಳಿನ ತೀರ. ಅದರ ಹಿಂದೆ 688 ಮೀಟರಿನ ಕ್ರೋಹಾನ್ ಬೆಟ್ಟವು ಸಮುದ್ರಕ್ಕೆ ಕಡಿದುಬಿದ್ದಂತೆ ಇಳಿದಿದೆ. ಆ ತೀರಕ್ಕೆ ಇಳಿಯುವ ರಸ್ತೆಯು ಕಡಿದು, ಒಂದು ಪಕ್ಕದಲ್ಲಿ ಪ್ರಪಾತ. ಇಳಿಯುವ ಮೊದಲು ಮಾರ್ಗದರ್ಶಿಯು ಎಲ್ಲರ ಬ್ರೇಕುಗಳನ್ನೂ ಇನ್ನೊಮ್ಮೆ ನೋಡುವನು. ಧೈರ್ಯ ಸಾಲದವರನ್ನು ವಾಹನದಲ್ಲಿ ಕೂಡಿಸುವನು. ಬೇಲಿಯಿಲ್ಲದ ಆ ರಸ್ತೆಯ ಮೇಲೆ ಬೆಚ್ಚಗಿನ ಡಾಂಬರನ್ನು ಹುಡುಕಿಕೊಂಡು ಕುರಿಗಳು ಮಲಗಿರುವುದುಂಟು. ಪ್ರತಿಯೊಂದರ ಬೆನ್ನಿನ ಮೇಲೂ ಯಜಮಾನನ ಗುರುತಾಗಿ ನೀಲಿ ಅಥವಾ ಕೆಂಪು ಬಣ್ಣ. ಅವು ಏಳುವವರೆಗೆ ತಂಡವು ಗಾಡಿಗಳನ್ನು ಹಿಡಿದುಕೊಂಡು ನಿಂತಿರುತ್ತದೆ.